ಅಪ್ಪನ ಹೆಸರಿಗೆ ಹಾಜರ್

ಚಿಲಿ ದೇಶದ ವಾಲ್ಪರೈಸೊ ಊರಿನ ಗುಡ್ಡದ ಮೇಲೆ, ಬೆಂಕಿ ಆರಿಸಲು ಹೋಗಿ ಮಡಿದವರ ಸ್ಮಾರಕದೆದುರು ಅಂದು ಮಡಿದವರ ಹೆಸರನ್ನೂ ದಳದಲ್ಲಿ ಈಗಿರುವವರ ಹೆಸರನ್ನೂ ಹಿಡಿದು ಹಾಜರಿ ಕೂಗುವ ದಿನ. ಕೆಳಗೆ, ಗುಡ್ಡ ಹತ್ತಿಸುವ ಲಿಫ್ಟಿನ ಸಾಲಿನಲ್ಲಿ ನಿಂತಿದ್ದ ನಿಬಾಲ್ದೊ ಎಂಬಾತ, ಮುಂದಿದ್ದ ಅಜ್ಜಿ ಮತ್ತು ಅಗ್ನಿಶಾಮಕ ಸಮವಸ್ತ್ರ ತೊಟ್ಟ ಮೊಮ್ಮಗಳ ಮಾತಿಗೆ ಕಿವಿಗೊಟ್ಟಿದ್ದ.

“ಅಪ್ಪನ ಹೆಸರು ಕೂಗಿದ್ರೆ ದಳದವರೆಲ್ಲ ಸೇರಿ ‘ಹಾಜರ್’ ಅನ್ಬೇಕು ಅಜ್ಜಿ. ಹೋದ ವರ್ಷ ನೀನೇ ಮೊದ್ಲು ಅಂದ್ಬಿಟ್ಟೆ.”

“ಶಾಲೆಗೂ ಅವನು ತಡವಾಗೇ ಬರೋನು. ಮೇಷ್ಟ್ರು ಹೆಸರು ಕೂಗ್ದಾಗ ಕ್ಲಾಸಿನ ಕಿಟಕಿ ಹತ್ರ ನಿಂತು ನಾನೇ ‘ಹಾಜರ್’ ಅಂತಿದ್ದೆ.”

“ಕ್ಯಾಪ್ಟನ್ ಮುಖ ಗಂಟು ಹಾಕ್ಕೊಂಡ್ರು.”

“ಹಾಕ್ಕೊಳ್ಲಿ. ಹೆತ್ತೋಳು ನಾನು.”

ಅಷ್ಟರಲ್ಲಿ ಎಲ್ಲೋ ಬೆಂಕಿ ಬಿದ್ದಿದೆಯೆಂದು ಅಗ್ನಿಶಾಮಕ ಠಾಣೆಯ ಸೈರನ್ ಕೂಗಿತು. ಮೊಮ್ಮಗಳು ತನ್ನ ಸಮಾರಂಭದ ಟೋಪಿಯನ್ನು ಅಜ್ಜಿಯ ಕೈಗಿಟ್ಟಳು.

“ಹೋಗ್ ಬಾ. ನಿನ್ನ ಹೆಸರಿಗೂ ನಾನೇ ಹೇಳ್ತೀನಿ.”

“ಬೇಡ. ಅಪ್ಪಂಗೆ ನೀನು ಹೇಳು. ನನ್ನ ಹೆಸರಿಗೆ ನಾನೇ ಬಂದು ಹೇಳ್ತೀನಿ.”

ಅವಳು ಠಾಣೆಯತ್ತ ಓಡಿದಳು. ಅಜ್ಜಿ ಆ ಟೋಪಿಯನ್ನು ತನ್ನ ತಲೆಗೇ ಇಟ್ಟುಕೊಂಡು ಲಿಫ್ಟ್ ಹತ್ತಿದಳು.