ಒಂದು ಲಕ್ಷದ ಏಳು

ಮಾನ್ಯ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಶಿವಕುಮಾರಪ್ಪ ಮೇಷ್ಟ್ರೇ, ಹೊಸದುರ್ಗದಿಂದಲೂ ಹೊಳಲ್ಕೆರೆಯಿಂದಲೂ ಬಂದು ಕೂತಿರುವ ಸಭಿಕರೇ,

ನಾನು ಚಿತ್ತಯ್ಯ, ಕಂಬಳಿ ನೇಯುವವನು. ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ.

ಮೇಷ್ಟ್ರಿಗೆ ಹೊದಿಸುವ ಈ ಕಂಬಳಿಯ ಅಂಚಿನಲ್ಲಿ ೧,೦೦,೦೦೭ ಎಂದು ನೇಯಲು ಹಳೆಯ ವಿದ್ಯಾರ್ಥಿಗಳು ಹೇಳಿದರು. ಆ ಸಂಖ್ಯೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಇಪ್ಪತ್ತೆರಡು ವರ್ಷಗಳಿಂದ ಮೇಷ್ಟ್ರು ಬಸ್ಸಿನಲ್ಲೂ ಮದುವೆ ಮನೆಯಲ್ಲೂ ಹೇಳಿದ್ದಾರೆ: "ಇದು ನಮ್ಮ ಮಕ್ಕಳು ಹಿಡಿದ ಅವಿಭಾಜ್ಯ ಸಂಖ್ಯೆ ಕಣ್ರಿ!" ಅಂದರೇನು? ಅಷ್ಟು ಕುರಿಗಳಿದ್ದರೆ, ಎಲ್ಲವನ್ನೂ ಒಂದೇ ರೊಪ್ಪಕ್ಕೆ, ಅಂದರೆ ದೊಡ್ಡಿಗೆ, ಕೂಡಬೇಕು, ಇಲ್ಲ ಕುರಿಗೊಂದು ರೊಪ್ಪ ಕಟ್ಟಬೇಕು; ಬೇರೆ ಎಷ್ಟು ಕಟ್ಟಿದರೂ ರೊಪ್ಪಕ್ಕೆ ಸಮನಾಗಿ ಬರುವುದಿಲ್ಲ.

ಹಿಡಿದದ್ದು ಹೇಗೆ? ಮುನ್ನೂರ ಹದಿನಾರರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು ಎಂದರು ಮೇಷ್ಟ್ರು. ಅದಕ್ಕಿಂತ ದೊಡ್ಡದು ಭಾಗಿಸುವುದಾದರೆ, ಅದರ ಜೊತೆಯ ಚಿಕ್ಕದು ಅಷ್ಟರೊಳಗೇ ಸಿಕ್ಕಿರುತ್ತದೆ. ಅಂಥವು ಅರವತ್ತೈದು. ನಾವು ಹದಿಮೂರು ಮಕ್ಕಳು, ತಲೆಗೆ ಐದೈದು. ನನ್ನ ಐದನೆಯದು ತೊಂಬತ್ತೇಳು.

ಲೆಕ್ಕದ ಕೊನೆಯ ದಿನ, ನನಗೆ ತೊಂಬತ್ತೇಳೊಂದೇ ಬಾಕಿಯಿದ್ದಾಗ, ಅಪ್ಪ ಕಿಟಕಿಯಲ್ಲಿ ನಿಂತು, "ಬಾರ್ಲೇ, ಕುರಿ ರಾಮಗಿರಿ ದಾರಿ ಹಿಡಿದ್ವು, ನಿನ್ನ ಸ್ಲೇಟು ಮೇಯ್ಸುತ್ತೇನ್ಲೇ?" ಎಂದ. ಮೇಷ್ಟ್ರು ಕೇಳಿದರು, "ಎಷ್ಟು ಉಳೀತೋ ಚಿತ್ತಯ್ಯ?" ನಾನು ಲೆಕ್ಕ ಶುರುವೇ ಮಾಡಿರಲಿಲ್ಲ. "ಎರಡು ಸಾರ್" ಎಂದೆ. "ಭೇಷ್!" ಎಂದರು. ನಾನು ಓಡಿದೆ. ಮತ್ತೆ ಶಾಲೆಗೆ ಬರಲಿಲ್ಲ. ನನ್ನ ಜನ್ಮದಲ್ಲಿ ಯಾರಾದರೂ ಭೇಷ್ ಎಂದದ್ದು ಅದೊಂದೇ ಸಲ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.

ಹೋದ ವಾರ ಅಂಚಿನ ಏಳನ್ನು ನೇಯ್ದು ಮುಗಿಸಿದವನಿಗೆ ಮಗ್ಗದ ಮೇಲೆ ಕೈ ಓಡಲಿಲ್ಲ. ಇದ್ದಿಲು ತೆಗೆದುಕೊಂಡು ನೆಲದ ಮೇಲೆ ತೊಂಬತ್ತೇಳರಿಂದ ಭಾಗಿಸಿದೆ. ಸಾವಿರದ ಮೂವತ್ತೊಂದು ಸಲ ಹೋಯಿತು. ಶೇಷ ಸೊನ್ನೆ. ಮತ್ತೆ ಮಾಡಿದೆ. ಮತ್ತೂ ಮಾಡಿದೆ. ಹೆಂಡತಿ ಜಯಕ್ಕ ನೋಡಿ, "ಅದೊಂದು ಲೆಕ್ಕಕ್ಕೆ ಉಣ್ಣೋದು ಬಿಡ್ತಾರೇನ್ರಿ? ಸುಮ್ಕೆ ಹೊದಿಸಿ ಬರ್ರಿ, ಯಾರಿಗೆ ಗೊತ್ತಾಗ್ತೈತೆ?" ಎಂದಳು.

ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಾಳೆಯೂ ಮೇಷ್ಟ್ರು ಬಸ್ಸಿನಲ್ಲಿ ಹೇಳುತ್ತಾರೆ. ಯಾವತ್ತೋ ಲೆಕ್ಕ ಬಲ್ಲವನೊಬ್ಬ ಪಕ್ಕದ ಸೀಟಿನಲ್ಲಿ ಕೂತು ನಕ್ಕುಬಿಟ್ಟರೆ? ಆ ನಗು ಯಾರ ಪಾಲಿನದು? ನನ್ನದಲ್ಲವೇ?

ಅದಕ್ಕೇ ಇನ್ನೊಂದು ತುದಿಯಲ್ಲಿ ೯೭ ಎಂದೂ, ಪಕ್ಕದಲ್ಲಿ ೧೦೩೧ ಎಂದೂ ನೇಯ್ದು ತಂದೆ. ಹೊದ್ದರೆ ಒಳಮಡಿಕೆಗೆ ಹೋಗುತ್ತದೆ, ಸುಮ್ಮನಿರಬಹುದು ಎಂದು ಈ ವೇದಿಕೆಯ ಮೆಟ್ಟಿಲು ಹತ್ತುವವರೆಗೂ ಅಂದುಕೊಂಡಿದ್ದೆ. ಈಗ ಬಿಚ್ಚಿ ಹಿಡಿದಿದ್ದೇನೆ, ಎಲ್ಲರೂ ನೋಡಿ. ಉಳಿದ ಹನ್ನೆರಡು ಜನರದು ಏನೂ ತಪ್ಪಿಲ್ಲ.

ಮೇಷ್ಟ್ರೇ, ಎಷ್ಟು ಉಳೀತು ಎಂದು ಅವತ್ತು ಕೇಳಿದಿರಿ. ಏನೂ ಉಳಿಯಲಿಲ್ಲ ಸಾರ್. ಆ ಭೇಷನ್ನು ವಾಪಸು ತೆಗೆದುಕೊಳ್ಳಿ. ಕಂಬಳಿಯನ್ನು ಮಾತ್ರ ಬೇಡ ಎನ್ನಬೇಡಿ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.