ಕೂವೆಮರದ ಮೇಲಿನ ಕೂಗು

ಈ ಸಂಜೆಯ ಅಧ್ಯಕ್ಷರಾದ ರಾಮಲಿಂಗಯ್ಯನವರೇ, ಬೆಂಗಳೂರಿನ ಸ್ಟುಡಿಯೋದಿಂದ ಬಂದಿರುವ ಮುಖ್ಯ ಅತಿಥಿ ಚೈತ್ರಾ ಅವರೇ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕೇಳುಗರ ಬಳಗದ ಸದಸ್ಯರೇ, ಈಗಷ್ಟೇ ಶಾಲು ಹೊದ್ದು ಕೂತಿರುವ ಶ್ರೀಮತಿ ಲತಾಮಣಿಯವರೇ, ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನ ಮಾತು ಕೇಳಲು ಒಪ್ಪಿರುವ ಸಭಿಕರೇ,

ಲತಾಮಣಿಯವರು ನನ್ನ ಪತ್ನಿ. ಮನೆಯಲ್ಲಿ ಲತಾ, ವೇದಿಕೆಯಲ್ಲಿ ಶ್ರೀಮತಿ. ಮಾತಿನ ನಡುವೆ 'ಅವಳು' ಎಂದುಬಿಟ್ಟರೆ ಕ್ಷಮಿಸಬೇಕು.

ನಾನು ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವನು. ನಿವೃತ್ತಿಯಾದ ಮೇಲೆ 'ಗಾಳಿ ತಿರುಗಿದ ದಿನ' ಎಂಬ ಕಾದಂಬರಿ ಬರೆದೆ. ಸುಮಾರು ನಾಲ್ಕು ಶತಮಾನಗಳ ಹಿಂದೆ ನಮ್ಮ ಕರಾವಳಿಯಿಂದ ಅಕ್ಕಿ, ಮೆಣಸು ತುಂಬಿಕೊಂಡು ಹೊರಟ ಒಂದು ಹಡಗು, ಅದರ ಬೆನ್ನು ಹತ್ತಿದ ಪೋರ್ಚುಗೀಸರು. ಪುಸ್ತಕವನ್ನು ಹೊಗಳಿದವರು ಬಹಳ. ಓದಿದವರು? ಉಳಿದ ಪ್ರತಿಗಳೆಲ್ಲ ನಮ್ಮ ಮಂಚದ ಕೆಳಗಿವೆ.

ಆಮೇಲೆ ಅದು ಆಡಿಯೋ ಪುಸ್ತಕವಾಯಿತು. ಮೊದಲು ಓದಿದವರು ತರಬೇತಿ ಪಡೆದ ಒಳ್ಳೆಯ ಧ್ವನಿಯವರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಚನ್ನಪಟ್ಟಣದ ಗುಲ್ಜಾರ್ ಬೀ ಅವರು, ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಬೊಂಬೆಗೆ ಬಣ್ಣ ಹಚ್ಚುತ್ತಾ ಕೇಳುವವರು, ನನಗೆ ಫೋನ್ ಮಾಡಿ ಹೇಳಿದ್ದರು: "ಸಾರ್, ಭಾಳ ಚೆನ್ನಾಗೈತೆ. ಆದ್ರೆ ಹೊಡ್ದೋನು ಯಾರು, ಹೊಡಿಸ್ಕೊಂಡೋನು ಯಾರು? ಇಬ್ರೂ ರೇಡಿಯೋ ವಾರ್ತೆ ಓದ್ದಂಗೇ ಮಾತಾಡ್ತಾರಲ್ಲ!"

ಸಂಸ್ಥೆಯವರು ಮತ್ತೊಮ್ಮೆ ಓದಿಸಲು ಒಪ್ಪಿದಾಗ ನಾನು ಲತಾಳ ಹೆಸರು ಹೇಳಿದೆ. ಯಾಕೆ ಹೇಳಿದೆ? ಕರಡು ತಿದ್ದುವಾಗ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದದ್ದನ್ನು ನೋಡುತ್ತಾ ಹೋಗಬೇಕು. ಮನೆಗೆ ತಂದ ಕೆಲಸಕ್ಕೆಲ್ಲ ಹಾಗೆ ಓದಿದವಳು ಅವಳೇ. ಅಲ್ಪವಿರಾಮ, ಪೂರ್ಣವಿರಾಮ ಸಮೇತ.

ಒಂದೇ ಒಂದು ತೊಂದರೆ. ಅವಳು ಸಾತನೂರು ಕಡೆಯವಳು. ಆ ಕಡೆ 'ಹ' ಕಾರ ಬಾಗಿಲ ಹೊರಗೇ ನಿಲ್ಲುತ್ತದೆ. ನಾನು ಅವಳನ್ನು ಮೊದಲು ಕೇಳಿದ್ದೇ ಅವರೂರಿನ ಡೈರಿಯ ಮೈಕಿನಲ್ಲಿ: "ಆಲು ತರೋರು ಬ್ಯಾಗ ತನ್ನಿ." ಮದುವೆಯಾದ ವಾರದಲ್ಲೇ "ಆಲಲ್ಲ ಲತಾ, ಹಾಲು" ಎಂದು ತಿದ್ದಿದೆ. "ಆಲು ಅಂದ್ರೂ ಅಸ ಕೊಡ್ತೈತೆ ಕಣ್ರೀ" ಎಂದಳು. ಆದರೂ ಕಲಿತಳು. ಸ್ಟುಡಿಯೋದಲ್ಲಿ ಕಥೆಯ ಭಾಗವನ್ನೆಲ್ಲ ಓದುವಾಗ ಅವಳ 'ಹ' ನನ್ನದಕ್ಕಿಂತ ಶುದ್ಧ.

ದುಗ್ಗ ಬರುವವರೆಗೆ.

ದುಗ್ಗ ಯಾರು ಎಂದು ನಿಮಗೆ ಹೇಳಬೇಕಿಲ್ಲ. ಹಾಯಿ ಕಟ್ಟುವ ಎತ್ತರದ ಕಂಬ, ಕೂವೆಮರ, ಅದರ ತುದಿಯಲ್ಲಿ ಕೂತು ಶತ್ರುವನ್ನು ಕಾಯುವ ಹುಡುಗ. ನಾನು ಬರೆದದ್ದು ಎರಡೇ ಪದ: "ಹಡಗು! ಹಡಗು!" ಲತಾ ಕೂಗಿದ್ದು, "ಅಡಗು! ಅಡಗು!" ಗುಲ್ಜಾರ್ ಬೀ ಅವರು ಕುಂಚ ಬಿಟ್ಟು ತಲೆ ತಗ್ಗಿಸಿದರಂತೆ. ಹೌದಲ್ಲವೇ ಅಮ್ಮಾ? ಶತ್ರುವಿನ ಹಡಗು ಕಂಡಾಗ ಬರೀ 'ಹಡಗು' ಎನ್ನುವುದು ವರದಿ. 'ಅಡಗು' ಎನ್ನುವುದು ಭಯ. ನಾನು ವರದಿ ಬರೆದಿದ್ದೆ.

ನಾನು ಆಕ್ಷೇಪ ಎತ್ತದೆ ಬಿಟ್ಟೆನೇ? "ಅವನು ಕರಾವಳಿಯವನು, ಹಾಗೆ ಮಾತಾಡಲಾರ" ಎಂದೆ. "ಅವನ ಅವ್ವನ ತವರು ಸಾತನೂರು ಅಂತ ಒಂದ್ ಲೈನು ಬರ್ಕೊಳಿ" ಎಂದಳು.

ಓದುವವರು ಇನ್ನೇನು ಮಾಡುತ್ತಾರೆ? ಫಿರಂಗಿ ಹಾರುವ ಮುನ್ನ ಲತಾ ಒಂದು ಕ್ಷಣ ಉಸಿರು ಹಿಡಿಯುತ್ತಾಳೆ. ಆ ಮೌನ ನನ್ನ ಪುಸ್ತಕದಲ್ಲಿಲ್ಲ. ಕಪ್ತಾನ ಪ್ರತಿ ಆಜ್ಞೆಗೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾನೆ. ಅದೂ ಇಲ್ಲ. 'ಈ ಕಪ್ತಾನರನ್ನು ಎಲ್ಲೋ ಕೇಳಿದ್ದೇನಲ್ಲ' ಎಂದು ಬಳಗದಲ್ಲಿ ಬಹಳ ಜನ ಹೇಳಿದ್ದಾರೆ. ಕ್ಷಮಿಸಿ, ಗಂಟಲು ಸ್ವಲ್ಪ... ನಗಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ಕಾದಂಬರಿಯ ಮುಂದುವರಿಕೆಯಾಗಿ ನಾನು ಬರೆದ ಎರಡನೆಯ ಭಾಗ ಯಾಕೆ ತಡವಾಗುತ್ತಿದೆ ಎಂದು ಎಲ್ಲರೂ ಕೇಳುತ್ತಿದ್ದೀರಿ. ಅದರ ಒಂಬತ್ತನೆಯ ಅಧ್ಯಾಯದಲ್ಲಿ ಗುಂಡು ಬಿದ್ದು ಕೂವೆಮರ ಮುರಿಯುತ್ತದೆ. ದುಗ್ಗ ಸಮುದ್ರಕ್ಕೆ ಬಿದ್ದು ಮುಳುಗುತ್ತಾನೆ. ಆ ಪುಟಕ್ಕೆ ಬಂದಾಗ ಲತಾ ಇಯರ್‌ಫೋನ್ ತೆಗೆದಿಟ್ಟು ಎದ್ದಳು. ಚೈತ್ರಾ ಅವರು ಅಲ್ಲೇ ಇದ್ದರು. ಮನೆಗೆ ಬಂದು ಹೇಳಿದಳು: "ದುಗ್ಗನ್ನ ಸಾಯಿಸಿದ್ರೆ ನಾನು ಮುಂದುಕ್ಕೆ ಓದಕ್ಕಿಲ್ಲ. ಬೇರೆಯವ್ರನ್ನ ನೋಡ್ಕೊಳಿ."

"ಯುದ್ಧದಲ್ಲಿ ಯಾರೂ ಸಾಯದಿದ್ದರೆ ಜನ ನಂಬುತ್ತಾರೆಯೇ?"

"ಕಪ್ತಾನ್ನ ಸಾಯ್ಸಿ. ವಯಸ್ಸೂ ಆಗೈತೆ, ಮಾತೂ ಜಾಸ್ತಿ."

ನಾನು ಹಟ ಹಿಡಿದೆ. ಅವಳೂ ಹಿಡಿದಳು. ಸ್ಟುಡಿಯೋದಲ್ಲಿ ಕೆಲಸ ನಿಂತಿತು.

ಕಳೆದ ತಿಂಗಳು ಸಾತನೂರಿಗೆ ಹೋಗಿದ್ದೆ. ನಮ್ಮ ಅತ್ತೆ ಕೆಂಚಮ್ಮನವರಿಗೆ ಕಣ್ಣು ಕಾಣುವುದಿಲ್ಲ. ಮೊದಲ ಭಾಗವನ್ನು ಎಷ್ಟು ಸಲ ಕೇಳಿದ್ದಾರೋ. "ಮುಂದಿನ್ದು ಯಾವಾಗ ಬತ್ತದೆ ಅಳಿಮಯ್ಯಾ?" ಎಂದರು. ಅದರಲ್ಲಿ ನಿಮಗೆ ಯಾರು ಇಷ್ಟ ಎಂದು ಕೇಳಿದೆ. "ಯಾರು ಅಂದ್ರೆ? ನಮ್ಮ ಸ್ವಾಮಿ. ತೆಂಗಿನ ಮರ ಅತ್ಕೊಂಡು ಕೂಗ್ತಿರ್ನಿಲ್ವಾ, ಅದೇ ಗಂಟ್ಲು."

ಸ್ವಾಮಿ ಲತಾಳ ತಮ್ಮ. ಅವಳು ಕನಕಪುರಕ್ಕೆ ಕಾಲೇಜಿಗೆ ಹೋಗುತ್ತಿದ್ದಾಗ ಅವನು ಮರದ ತುದಿಯಲ್ಲಿ ಕೂತು, ತಿರುವಿನಲ್ಲಿ ಬಸ್ಸು ಕಂಡ ಕೂಡಲೇ "ಅಕ್ಕಾ, ಬಸ್ಸು! ಓಡು!" ಎಂದು ಕೂಗುತ್ತಿದ್ದ. ಅವಳಿಗೆ ಒಂದು ದಿನವೂ ಬಸ್ಸು ತಪ್ಪಲಿಲ್ಲ. ಮದುವೆಯ ವಯಸ್ಸಿಗೆ ಮೊದಲೇ ಕಾಯಿಲೆಯಿಂದ ಹೋದ. ನಾನು ಅವನ ಜೊತೆ ಎಷ್ಟೋ ಹಬ್ಬದ ಊಟ ಮಾಡಿದ್ದೇನೆ. ದುಗ್ಗನ ಧ್ವನಿಯನ್ನು ಎಷ್ಟೋ ಸಲ ಕೇಳಿದ್ದೇನೆ. ಎರಡನ್ನೂ ಕೂಡಿಸಿಕೊಟ್ಟವರು ಕಣ್ಣು ಕಾಣದ ಆ ಮುದುಕಿ.

ಲತಾಗೆ ನಾನು ಇದನ್ನು ಹೇಳಲಿಲ್ಲ. ಈಗಲೇ ಹೇಳುತ್ತಿರುವುದು.

ಒಂಬತ್ತನೆಯ ಅಧ್ಯಾಯವನ್ನು ಮತ್ತೆ ಬರೆದಿದ್ದೇನೆ. ಕೂವೆಮರ ಮುರಿಯುತ್ತದೆ, ಅದನ್ನು ಬಿಡಲಾಗಲಿಲ್ಲ. ದುಗ್ಗ ನೀರಿಗೆ ಬೀಳುತ್ತಾನೆ. ಬದುಕಿದವರನ್ನು ಹಿಡಿಯಲು ಶತ್ರುಗಳು ಹತ್ತಿರ ಬರುತ್ತಾರೆ. ಹಡಗಿನ ಮೇಲಿರುವ ಕಪ್ತಾನನಿಗೆ ಅದು ಮೊದಲು ಕಾಣುತ್ತದೆ. ಈ ಸಲ ಗಂಟಲು ಸರಿಮಾಡಿಕೊಳ್ಳಲು ಅವನಿಗೆ ಸಮಯವಿಲ್ಲ. ಕೂಗುತ್ತಾನೆ: "ದುಗ್ಗಾ, ಅಡಗು!" ಹುಡುಗ ತೇಲುವ ಹಾಯಿಯ ಕೆಳಗೆ ಅಡಗುತ್ತಾನೆ. ಬದುಕುತ್ತಾನೆ. ಕಪ್ತಾನ ಹೇಳಿದ್ದು ಹಡಗೋ, ಅಡಗೋ? ನಾನು 'ಹ' ಹಾಕಿಲ್ಲ. ಕರಡು ನೋಡುವವರು ದಯವಿಟ್ಟು ತಿದ್ದಬಾರದು.

ಆ ಹಾಳೆಗಳನ್ನು ಈಗ ಶಾಲಿನ ಜೊತೆ ಅವಳಿಗೆ ಕೊಟ್ಟ ಹಣ್ಣಿನ ಬುಟ್ಟಿಯಲ್ಲೇ ಇಟ್ಟಿದ್ದೇನೆ, ಮೂಸಂಬಿಯ ಕೆಳಗೆ. ಓದುವುದು ಬಿಡುವುದು ಲತಾಮಣಿಯವರಿಗೆ ಸೇರಿದ್ದು. ನಾನು ಇನ್ನು ಒತ್ತಾಯ ಮಾಡುವುದಿಲ್ಲ.

ಈ ಸನ್ಮಾನ ಏರ್ಪಡಿಸಿದ ಬಳಗಕ್ಕೆ, ತಾಳ್ಮೆಯಿಂದ ಕಾದ ಚೈತ್ರಾ ಅವರಿಗೆ, ಕುಂಚ ಬಿಟ್ಟು ಬಂದ ಗುಲ್ಜಾರ್ ಬೀ ಅವರಿಗೆ ನನ್ನ ಧನ್ಯವಾದಗಳು. ಇನ್ನೂ ಎರಡು ಮಾತು ಆಡಬೇಕೆಂದಿದ್ದೆ. ಆದರೆ ಅಧ್ಯಕ್ಷರು ನನ್ನ ಹಿಂದೆ ಏನನ್ನೋ ತೋರಿಸುತ್ತಿದ್ದಾರೆ.

ಮೂಸಂಬಿಗಳು ಮೇಜಿನ ಮೇಲೆ ಬಂದಿವೆ. ಕನ್ನಡಕ ಮೂಗಿನ ಮೇಲೆ ಬಂದಿದೆ. ತುಟಿ ಅಲ್ಲಾಡುತ್ತಿದೆ.

ಓದುವವರ ಹತ್ತಿರ ಗದ್ದಲ ಮಾಡಬಾರದು. ನಾನು ಕೂರುತ್ತೇನೆ. ನಮಸ್ಕಾರ.