ಖಾಲಿ ಮನೆಯೊಳಗೆ ಕೂಗಿದ್ದು

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದು ಹೋಗ್ತೀನಿ, ಹೇಳಿದೀನಿ. ಇದು ಅವರಿವರ ಬಾಯಿಂದ ಬಂದ ಗಾಳಿಮಾತಲ್ಲ. ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ನನಗಿಂತ ದೊಡ್ಡವನು, ಅಣ್ಣ ಅಂತ ಕರೀತೀನಿ.

ಆವತ್ತು ರಾತ್ರಿ ಅಣ್ಣ ಕೆಲಸ ಮುಗಿಸಿ ಒಬ್ಬನೇ ನಡ್ಕೊಂಡು ಬರ್ತಿದ್ದ. ಹೊಸ ಊರು, ಭಾರೀ ಊರು. ಹೆಂಡತಿ ಮಕ್ಕಳನ್ನ ಕಟ್ಕೊಂಡು ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಇವರಿದ್ದ ಕಟ್ಟಡದ ಅಂಗಳದಲ್ಲೊಂದು ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ರು. ಅದನ್ನ ಬಳಸ್ಕೊಂಡೇ ಮೆಟ್ಟಿಲು ಹತ್ತಬೇಕು.

ಬಾವಿ ಹತ್ರ ಬರೋ ಹೊತ್ತಿಗೆ ಹಿಂದಿನಿಂದ ಸದ್ದು ಕೇಳಿಸ್ತು. ಚಪ್... ಚಪ್... ಚಪ್. ಬರಿಗಾಲು. ಒದ್ದೆ ಬರಿಗಾಲು ಕಲ್ಲಿನ ಮೇಲೆ ಬಿದ್ದ ಹಾಗೆ. ದೊಡ್ಡವರ ಹೆಜ್ಜೆ ಅಲ್ಲ. ದೊಡ್ಡವರ ಜೊತೆ ಹೆಜ್ಜೆ ಹಾಕೋಕೆ ಓಡೋಡಿ ಬರ್ತಾವಲ್ಲ ಮಕ್ಕಳು... ಹಾಗೆ.

ಅಣ್ಣ ನಿಂತ. ಅದೂ ನಿಂತಿತು.

ತಿರುಗಿ ನೋಡಿದ. ಯಾರೂ ಇಲ್ಲ. ‘ಹಾಳಾದ ನಾಯಿ ಇರಬೇಕು’ ಅಂದ್ಕೊಂಡ. ನಾಯಿಗೆ ನಾಲ್ಕು ಕಾಲು ಅನ್ನೋದು ಅವನಿಗೂ ಗೊತ್ತಿತ್ತು. ಆದ್ರೂ ಹಾಗಂದ್ಕೊಂಡೇ ಸರಸರ ಮೆಟ್ಟಿಲು ಹತ್ತಿದ.

ಅತ್ತಿಗೆ ಬಾಗಿಲು ತೆಗೆದ್ರು. ಅಣ್ಣ ಒಳಗೆ ಹೋದ. ಅತ್ತಿಗೆ ಮಾತ್ರ ಬಾಗಿಲು ಹಾಕದೆ ಹಿಡ್ಕೊಂಡೇ ನಿಂತಿದ್ರು. ಇನ್ನೂ ಯಾರೋ ಒಳಗೆ ಬರೋದಿದೆ ಅನ್ನೋ ಹಾಗೆ.

“ಹಾಕೇ ಬಾಗಿಲು.”

“ರೀ... ಆ ಮಗು ಯಾರ್ದು?”

“ಯಾವ ಮಗು?”

“ನಿಮ್ಮ ಹಿಂದೇನೇ ಬಂತಲ್ಲ...” ಅತ್ತಿಗೆ ಆಚೆ ಈಚೆ ನೋಡಿದ್ರು. ಚಿಲಕ ಹಾಕಿದ್ರು.

ಅಷ್ಟು ಹೊತ್ತಿಗೆ ಅದು ಒಳಗೆ ಬಂದಾಗಿತ್ತು.

ಇದು ಯಾಕಾಯ್ತು ಅಂತ ತಿಳೀಬೇಕಾದ್ರೆ ಆ ಸಂಜೆ ಏನಾಯ್ತು ಅಂತ ಹೇಳಬೇಕು. ಅಣ್ಣನ ಕೆಲಸ ಏನು? ಬೇರೆಯವರ ಮನೆ ಸಾಮಾನು ಗಾಡಿಗೆ ತುಂಬಿ, ಇನ್ನೊಂದು ಮನೆಗೆ ಸಾಗಿಸಿ, ಇಳಿಸಿ ಬರೋದು. ಬೀರು, ಮಂಚ, ಫ್ರಿಜ್ಜು... ಒಂದು ಗೀರು ಬೀಳದ ಹಾಗೆ ಇಳಿಸ್ತಾನೆ ಪುಣ್ಯಾತ್ಮ. ನಮ್ಮೂರಲ್ಲಿ ಇವರ ತಂಡಕ್ಕೊಂದು ಪದ್ಧತಿ ಇತ್ತು. ಮನೆ ಖಾಲಿಯಾದ ಮೇಲೆ, ಬೀಗ ಹಾಕೋ ಮುಂಚೆ, ಕೊನೆಯವನು ಹೊಸ್ತಿಲಲ್ಲಿ ನಿಂತು ಒಳಗಡೆ ಮುಖ ಮಾಡಿ ಕೂಗಬೇಕು: “ಯಾರಾದ್ರೂ ಉಳಿದಿದ್ದೀರಾ? ಇದ್ರೆ ಬನ್ನಿ, ಹೊರಟ್ವಿ!” ಬಚ್ಚಲಲ್ಲಿ ಬೆಕ್ಕು ಸಿಕ್ಕಿಹಾಕ್ಕೊಂಡಿರತ್ತೆ, ಅಟ್ಟದ ಮೇಲೆ ಮುದುಕಪ್ಪ ನಿದ್ದೆ ಹೊಡೀತಿರ್ತಾನೆ. ಅದಕ್ಕೇ ಈ ಕೂಗು. ಅಣ್ಣನಿಗೆ ಅದು ಉಸಿರಾಡಿದಷ್ಟೇ ಅಭ್ಯಾಸ.

ಹೊಸ ಊರಲ್ಲಿ ಇದನ್ನ ಕೇಳಿ ಜೊತೆ ಕೆಲಸದವರು ಹೊಟ್ಟೆ ಹಿಡ್ಕೊಂಡು ನಕ್ಕಿದ್ರು. “ಏನಯ್ಯಾ, ಗೋಡೆಗಳಿಗೆ ಮದುವೆ ಕರೆಯೋಲೆ ಕೊಡ್ತಿದ್ದೀಯಾ?” ಅಂತ. ಆ ಊರೇ ಹಾಗೆ. ಎದುರು ಸಿಕ್ಕಿದ್ರೆ ಮುಖ ತಿರುಗಿಸ್ತಾರೆ. ಅತ್ತಿಗೆ ಪಕ್ಕದ ಮನೆ ಬಾಗಿಲು ತಟ್ಟಿದ್ರೆ ಒಳಗೆ ಟಿವಿ ಸದ್ದು ನಿಲ್ತಿತ್ತು, ಬಾಗಿಲು ತೆಗೀತಿರಲಿಲ್ಲ. ಕಟ್ಟಡ ನೋಡ್ಕೊಳ್ಳೋ ಹೆಂಗಸೊಬ್ಬಳಿದ್ಲು, ಗೇಟಿನ ಪಕ್ಕದ ಕೋಣೆಯಲ್ಲಿ. ಸೊಂಟದಲ್ಲಿ ಸದಾ ಬೀಗದಕೈ ಗೊಂಚಲು. ಝಣ್ ಝಣ್ ಅಂತ ಬಂದು ಬೈದು ಹೋಗೋಳು. ಮಗು ಅಳಬಾರದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು, ಗುಬ್ಬಿ ಓಡಬಾರದು. ಗುಬ್ಬಿ ಅಂದ್ರೆ ಅಣ್ಣನ ಮಗಳು, ಐದು ವರ್ಷದವಳು. ಅವಳೇ ಆ ಹೆಂಗಸಿಗೆ ‘ಬೀಗದಮ್ಮ’ ಅಂತ ಹೆಸರಿಟ್ಟಿದ್ಲು. ಅವಳ ಕೆಳಗೆ ಇನ್ನೊಂದು ಕೈಗೂಸು, ಗಂಡು.

ಆವತ್ತು ಬೀಗದಮ್ಮನೇ ಅಣ್ಣನಿಗೆ ಕೆಲಸ ಹೇಳಿದ್ಲು. ಅದೇ ಕಟ್ಟಡದ ಮೇಲಿನ ಮಹಡಿಯವರು ಮನೆ ಖಾಲಿ ಮಾಡ್ತಿದ್ರು. ಗಂಡ ಹೆಂಡತಿ ಇಬ್ಬರೇ. “ಕತ್ತಲಾದ ಮೇಲೆ ಮಾಡು. ಮಾತಾಡಬೇಡ” ಅಂದಿದ್ಲು. ಆ ಗಂಡ ಹೆಂಡತೀನೂ ಬಾಯಿಗೆ ಬೀಗ ಜಡಿದವರ ಹಾಗೆ. ಎಲ್ಲಾ ಕೈಸನ್ನೆ. ಅದು ಎತ್ತು, ಇದು ಇಡು. ಒಳಕೋಣೆಯಲ್ಲಿ ಮಕ್ಕಳ ಮಂಚ ಒಂದಿತ್ತು. ಅಣ್ಣ ಅದಕ್ಕೆ ಕೈ ಹಾಕಿದ. ಆ ಹೆಂಗಸು ಬೇಡ ಬೇಡ ಅಂತ ತಲೆ ಅಲ್ಲಾಡಿಸಿದ್ಲು. ‘ದೊಡ್ಡೂರಿನ ದೊಡ್ಡಸ್ತಿಕೆ, ಕೂಲಿಯವರ ಜೊತೆ ಮಾತಾಡಿದ್ರೆ ಇವರ ಬಾಯಿ ಸವೆದುಹೋಗತ್ತೆ’ ಅಂತ ಅಣ್ಣನಿಗೆ ಒಳಗೊಳಗೇ ಉರಿ.

ಎಲ್ಲಾ ಇಳಿಸಿ ಆಯ್ತು. ಬೀಗ ಹಾಕಬೇಕು. ಅಣ್ಣ ಹೊಸ್ತಿಲಲ್ಲಿ ನಿಂತ. ಅಭ್ಯಾಸಬಲ ನೋಡಿ...

“ಯಾರಾದ್ರೂ ಉಳಿದಿದ್ದೀರಾ? ಇದ್ರೆ ಬನ್ನಿ, ಹೊರಟ್ವಿ!”

ಆ ಹೆಂಗಸು ಮೆಟ್ಟಿಲ ಮೇಲಿಂದ ಓಡಿ ಬಂದು ಅಣ್ಣನ ಬಾಯಿ ಮೇಲೆ ಹೊಡೆದ್ಲು. ತುಟಿ ಒಡೀತು. ಅವಳ ಗಂಡ ಅವಳನ್ನ ದರದರ ಎಳ್ಕೊಂಡು ಕೆಳಗಿಳಿದ. ಅಣ್ಣ ಬಾಯೊರೆಸ್ಕೊಂಡು ನಿಂತಿದ್ದಾಗ ಒಳಕೋಣೆಯಿಂದ ಸದ್ದು. ಕಿರ್... ಮಂಚದಿಂದ ಯಾರೋ ಇಳಿದ ಹಾಗೆ. ಮರ ಕಣ್ರೀ, ಹಳೇ ಮರ, ಸದ್ದು ಮಾಡತ್ತೆ ಅಂದ್ಕೊಂಡ. ಗಾಡಿ ಓಡಿಸ್ಕೊಂಡು ಹೋಗಿ ಸಾಮಾನು ಇಳಿಸಿ, ಗಾಡೀನ ಕಂಪನಿಯಲ್ಲಿ ಬಿಟ್ಟು, ನಡ್ಕೊಂಡು ಮನೆಗೆ ಬಂದ. ಆಮೇಲಿನದು ಹೇಳಿದ್ನಲ್ಲ.

ಮೊದಲ ವಾರ ಗೊತ್ತಾಗಲಿಲ್ಲ. ಗುಬ್ಬಿ ಸಪ್ಪಗಾದ್ಲು. ಬಾಯಿ ಮುಚ್ಚದೆ ವಟವಟ ಅನ್ನೋ ಮಗು... ಮೂಲೆ ಸೇರಿತು. ತೋಳಲ್ಲಿ ಚಿವುಟಿದ ಗುರುತುಗಳು ಕಾಣಿಸ್ಕೊಂಡ್ವು. ಅತ್ತಿಗೆ ನೋಡಿ ಕೆಂಡವಾದ್ರು.

“ಕೆಲಸದ ಸಿಟ್ಟನ್ನ ಮಗು ಮೇಲೆ ತೀರಿಸ್ತೀರಾ?”

“ನಾನು ಮುಟ್ಟಿಲ್ಲ ಕಣೇ! ನೀನೇ...”

“ನಾನಾ?”

ಜಗಳ ಆಯ್ತು. ಇಬ್ಬರೂ ಮಾತು ಬಿಟ್ರು. ಆಮೇಲೆ ಅತ್ತಿಗೆ ದೀಪದ ಕೆಳಗೆ ಆ ತೋಳು ಹಿಡಿದು ಸರಿಯಾಗಿ ನೋಡಿದ್ರು. ಉಗುರಿನ ಗುರುತು ಇಷ್ಟಿಷ್ಟೇ. ಅಕ್ಕಿಕಾಳಿನಷ್ಟು.

ಗುಬ್ಬಿ ಗೋಡೆ ಪಕ್ಕ ಮಲಗ್ತಿದ್ಲು. ರಾತ್ರಿ ಧೊಪ್ ಅಂತ ಸದ್ದಾಗೋದು, ಎದ್ದು ನೋಡಿದ್ರೆ ಮಗು ಮಂಚದಿಂದ ಕೆಳಗೆ, ನೆಲದ ಮೇಲೆ. ಗೋಡೆ ಪಕ್ಕ ಮಲಗಿದ್ದೋಳು ಈ ಕಡೆಗೆ ಹೇಗೆ ಬಿದ್ಲು? ಆಮೇಲಾಮೇಲೆ ಬೆಳಿಗ್ಗೆ ಎದ್ದರೆ ಅಡುಗೆಮನೆಯಲ್ಲಿ, ಬರಿ ನೆಲದ ಮೇಲೆ ಮುದುಡ್ಕೊಂಡು ಮಲಗಿರೋಳು.

ಅಣ್ಣ ಒಂದು ದಿನ ತೊಡೆ ಮೇಲೆ ಕೂರಿಸ್ಕೊಂಡು ಕೇಳಿದ. “ಯಾಕಮ್ಮಾ ಗುಬ್ಬಿ, ಹಾಸಿಗೆ ಬಿಟ್ಟು ಹೋಗ್ತೀಯಾ?”

ಗುಬ್ಬಿ ಕಿವಿ ಹತ್ರ ಬಾಯಿ ತಂದ್ಲು. “ಅವಳು ತಳ್ತಾಳೆ ಅಪ್ಪ.”

“ಯಾರು?”

“ಅವಳು. ಅದು ಅವಳ ಜಾಗ ಅಂತೆ. ನಾನು ಎದ್ದು ಹೋಗಬೇಕಂತೆ.”

“ಯಾರೇ ಹಾಗಂದಿದ್ದು? ಇದು ನಿನ್ನ ಮನೆ ಕಣೇ.”

“ಇಲ್ಲ ಅಪ್ಪ...” ಗುಬ್ಬಿ ಇನ್ನೂ ಮೆಲ್ಲಗೆ ಅಂದ್ಲು. “ಅವಳನ್ನ ನೀನೇ ಕರೆದಿದ್ದಂತೆ.”

ಮೇಲಿನ ಮನೆ ಹೆಂಗಸು ಯಾಕೆ ಹೊಡೆದ್ಲು ಅಂತ ಆಗ ಹೊಳೀತು ಅಣ್ಣನಿಗೆ. ನೇರ ಹೋಗಿ ಬೀಗದಮ್ಮನ ಬಾಗಿಲು ಬಡಿದ. ಅವಳು ಒಂದು ಗೇಣು ಬಾಗಿಲು ತೆಗೆದ್ಲು.

“ಮೇಲಿನ ಮನೇಲಿ ಏನಿತ್ತು? ಹೇಳಿ!”

“ಏನೋ ಇತ್ತು. ನಾವ್ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಅದೂ ನಮ್ಮ ತಂಟೆಗೆ ಬಂದಿರಲಿಲ್ಲ. ಅವರ ಪಾಲಿಗೆ ಅಂಟ್ಕೊಂಡಿತ್ತು, ಅವರು ಹೇಗೋ ಬಿಡಿಸ್ಕೊಂಡು ಹೊರಟಿದ್ರು. ನೀನು ಬಂದ್ಯಲ್ಲ ಮಹಾರಾಯ... ಬಾ ಅಂತ ಕೂಗಿ ಕರ್ಕೊಂಡೆ!”

“ನನಗೇನು ಗೊತ್ತು? ಮೊದಲೇ ಹೇಳೋಕೇನಾಗಿತ್ತು ನಿಮಗೆ?”

“ಮಾತಾಡಬೇಡ ಅಂತ ಹೇಳಿದ್ದೆ. ಕೇಳಿದ್ಯಾ?” ಬಾಗಿಲು ಹಾಕೋಕೆ ಹೋದ್ಲು. ಅಣ್ಣ ಕಾಲು ಅಡ್ಡ ಇಟ್ಟ. ಅಳ್ತಿದ್ದ ಅವನು. ಅಷ್ಟು ಗಟ್ಟಿ ಮನುಷ್ಯ, ಬೀರು ಒಬ್ಬನೇ ಬೆನ್ನ ಮೇಲೆ ಹೊರೋನು... ಗಳಗಳ ಅಳ್ತಿದ್ದ.

“ನನ್ನ ಮಗಳಮ್ಮಾ... ಏನು ಮಾಡಲಿ ಹೇಳಿ.”

ಅವಳು ಒಂದು ಗಳಿಗೆ ಅವನ ಮುಖ ನೋಡಿದ್ಲು. “ಹೊರಟು ಹೋಗಿ. ಅದು ನಿದ್ದೆಯಲ್ಲಿರೋವಾಗ. ದೀಪ ಹಾಕಬೇಡಿ, ತುಟಿ ಬಿಚ್ಚಬೇಡಿ, ಹೆಸರು ಹಿಡಿದು ಯಾರನ್ನೂ ಕರೀಬೇಡಿ. ಬೀಗ ನಾನು ಹಾಕ್ಕೊಳ್ತೀನಿ.” ಬಾಗಿಲು ದಢಾರ್ ಅಂತು.

ಆವತ್ತೇ ರಾತ್ರಿ ಹೊರಟ್ರು. ಕಂಪನಿಯವರನ್ನ ಕಾಡಿ ಬೇಡಿ ಅಣ್ಣ ಒಂದು ಗಾಡಿ ತಂದು ರಸ್ತೆಯಾಚೆ ನಿಲ್ಲಿಸಿದ್ದ. ಕೈಗೆ ಸಿಕ್ಕಿದ್ದು ಎರಡು ಚೀಲ, ಅಷ್ಟೇ. ಉಳಿದದ್ದೆಲ್ಲ ಅಲ್ಲೇ ಬಿಟ್ರು. ಅತ್ತಿಗೆ ಕೂಸನ್ನ ಎದೆಗವಚಿಕೊಂಡು ಮುಂದೆ ಇಳಿದ್ರು. ಅಣ್ಣ ಒಳಕೋಣೆಗೆ ಹೋದ. ಕಗ್ಗತ್ತಲು. ತಡವರಿಸಿದ. ಗೋಡೆ ಪಕ್ಕ, ಅದೇ ಜಾಗದಲ್ಲಿ, ಮಗು ಮಲಗಿತ್ತು. ಒಂದೇ ಮಗು. ಮಂಚ ಪೂರ್ತಿ ಕೈಯಾಡಿಸಿ ನೋಡಿದ್ದೀನಿ, ಒಂದೇ ಮಗು ಇದ್ದದ್ದು ಅಂತ ಇವತ್ತಿಗೂ ಆಣೆ ಹಾಕ್ತಾನೆ. ಹೊದಿಕೆ ಸಮೇತ ಎತ್ಕೊಂಡ. ‘ಗುಬ್ಬೀ’ ಅಂತ ಕರೆಯೋಕೆ ಬಾಯಿ ತೆರೆದ... ನೆನಪಾಯ್ತು... ಮುಚ್ಕೊಂಡ. ಅಷ್ಟು ವರ್ಷದ ಕೆಲಸದಲ್ಲಿ ಮೊದಲನೇ ಸಲ, ಕೂಗದೆ ಮನೆ ಬಿಟ್ಟ.

ಗಾಡಿ ಹೊರಟಿತು. ಊರಿನ ದೀಪಗಳು ಹಿಂದೆ ಹೋದ್ವು. ಕೂಸು ಎದ್ದು ಚೀರೋಕೆ ಶುರು ಮಾಡ್ತು. ಎಂಥಾ ಚೀರಾಟ ಅಂತೀರಿ, ಮೈ ಬಿಲ್ಲಿನ ಹಾಗೆ ಬಗ್ಗಿಸ್ಕೊಂಡು. ಅತ್ತಿಗೆ ಹಾಲು ಕೊಟ್ರು, ತಟ್ಟಿದ್ರು... ಊಹೂಂ. ಮಗಳು ಇಬ್ಬರ ಮಧ್ಯೆ ಹೊದಿಕೆಯೊಳಗೆ ಸುಮ್ಮನೆ ಮಲಗಿದ್ಲು.

ಆಗ ಫೋನ್ ಬಂತು. ಬೀಗದಮ್ಮ.

“ಎಂಥಾ ಜನರೋ ನೀವು!” ಅವಳಿಗೆ ಏದುಸಿರು. “ಮಗೂನ ಬಿಟ್ಟು ಹೋಗಿದ್ದೀರಲ್ಲೋ!”

ಅಣ್ಣ ಬ್ರೇಕ್ ಒತ್ತಿದ. ಗಾಡಿ ಕಿರ್ರ್ ಅಂತ ನಿಂತಿತು.

“ಏನಂದ್ರಿ?”

“ಅಡುಗೆಮನೆ ಕಿಟಕಿ ಹತ್ರ ನಿಂತಿದೆ. ಅಪ್ಪಾ ಅಪ್ಪಾ ಅಂತ ಅಳ್ತಿದೆ. ಕೇಳಿಸ್ತಿಲ್ವಾ?”

ಕೇಳಿಸ್ತಿತ್ತು... ಫೋನಿನಲ್ಲಿ, ದೂರದಲ್ಲಿ, ಸಣ್ಣಗೆ.

ಅಣ್ಣ ಗಾಡಿಯ ಒಳಗಿನ ದೀಪ ಹಾಕಿದ. ಹೊದಿಕೆ ಸರಿಸಿದ. ಮಗಳು ಕಣ್ಣು ಬಿಟ್ಕೊಂಡು ಅವನನ್ನೇ ನೋಡ್ತಿದ್ಲು. ಅದೇ ಮುಖ, ಅದೇ ಅಂಗಿ, ಗಲ್ಲದ ಮೇಲೆ ಅದೇ ಮಚ್ಚೆ. “ನೀನು ಯಾರಮ್ಮಾ?” ಅಂದ. ಸ್ವಂತ ಮಗಳನ್ನ ಹಾಗೆ ಕೇಳೋ ಗತಿ ಯಾವ ಅಪ್ಪನಿಗೂ ಬರಬಾರದು ನೋಡಿ.

“ಗುಬ್ಬಿ” ಅಂದ್ಲು ಅವಳು. “ಅಲ್ಲಿಗೆ ಹೋಗಬೇಡ ಅಪ್ಪ. ಅದು ಅವಳು. ನಾಟಕ ಆಡ್ತಾಳೆ.”

ಅಣ್ಣ ಅತ್ತಿಗೆ ಮುಖ ನೋಡಿದ. ಅತ್ತಿಗೆ ಮಗಳ ಮುಖ ನೋಡಿದ್ರು, ಬಹಳ ಹೊತ್ತು. ಕೂಸು ಚೀರ್ತಾನೇ ಇತ್ತು. ಕೊನೆಗೆ ಅತ್ತಿಗೆ ಮಗಳನ್ನ ಎಳೆದು ಪಕ್ಕಕ್ಕೆ ಒತ್ತಿಕೊಂಡ್ರು. “ನಡೀರಿ” ಅಂದ್ರು. “ನನ್ನ ಮಗು ಇಲ್ಲಿದೆ. ನಡೀರಿ.”

ಅಣ್ಣ ಫೋನಿಗೆ ಹೇಳಿದ. “ನಮ್ಮ ಮಗು ನಮ್ಮ ಹತ್ರಾನೇ ಇದೆ.”

ಆ ಕಡೆ ಬೀಗದಮ್ಮ ಫೋನನ್ನ ಕಿಟಕಿ ಕಡೆ ಹಿಡಿದ್ಲು. ಅಳು ಹಾಗೇ ಕೇಳಿಸ್ತಿತ್ತು.

“ಗಟ್ಟಿ ತಾನೆ?” ಅಂದ್ಲು. ಅವಳ ದನಿ ಅಷ್ಟು ಮೆತ್ತಗಿದ್ದದ್ದು ಅಣ್ಣ ಅದೇ ಮೊದಲು ಕೇಳಿದ್ದು.

“...ಹೂಂ.”

“ಸರಿ. ಹಾಗಾದ್ರೆ ಬೀಗ ಹಾಕ್ತೀನಿ.”

ಝಣ್ ಝಣ್. ಕಟಕ್. ಫೋನ್ ಇಟ್ಲು.

ಅಷ್ಟೇ. ಇನ್ನೊಂದು ಊರು ಸೇರಿದ್ರು, ಮನೆ ಮಾಡಿದ್ರು. ಏನೂ ತೊಂದರೆ ಇಲ್ಲ. ಗುಬ್ಬಿ ಈಗ ಐದನೇ ಕ್ಲಾಸು. ಚೂಟಿ ಹುಡುಗಿ, ಎಲ್ಲರಿಗಿಂತ ಎತ್ತರ, ಹೇಳಿದ ಮಾತು ಕೇಳ್ತಾಳೆ. ತಮ್ಮ ಮಾತ್ರ ಅವಳ ಪಕ್ಕ ಮಲಗಲ್ಲ. ಅದು ಬಿಡಿ, ಅಕ್ಕ ತಮ್ಮಂದಿರ ಜಗಳ ಯಾವ ಮನೇಲಿಲ್ಲ.

ನೀವು ನಂಬಿ, ಬಿಡಿ. ಹೋದ ತಿಂಗಳು ನಾನೇ ಅವರ ಮನೆಗೆ ಹೋಗಿದ್ದೆ. ಅತ್ತಿಗೆ ಅವಳನ್ನ ಹಲ್ಲಿನ ಡಾಕ್ಟರ ಹತ್ರ ತೋರಿಸ್ಕೊಂಡು ಬಂದಿದ್ರು. ಕೆಲವು ಮಕ್ಕಳಿಗೆ ತಡ ಆಗತ್ತೆ, ಗಾಬರಿ ಬೇಡ ಅಂದ್ರಂತೆ ಡಾಕ್ಟರು. ಅವಳು ನನ್ನ ನೋಡಿ ನಕ್ಕಳು. ನಾನೇ ಕಣ್ಣಾರೆ ನೋಡಿದೀನಿ, ಸುಳ್ಳು ಹೇಳಿ ನನಗೇನಾಗಬೇಕು? ಹತ್ತು ವರ್ಷದ ಹುಡುಗಿ. ಬಾಯಿ ತುಂಬ ಹಾಲುಹಲ್ಲು. ಒಂದೂ ಬಿದ್ದಿಲ್ಲ.